ಓದುಗರ ಪ್ರಶ್ನೆ, ನಮ್ಮ ಉತ್ತರ: ಗ್ರಾಫೈಟಿನ ಪದರ ಬಿಡಿಸುವುದು ಹೇಗೆ?

ಕಳೆದ ಸಂಚಿಕೆಯಲ್ಲಿ ಪೆನ್ಸಿಲಿನ ಕಡ್ಡಿಯ ಬಗ್ಗೆ ಬರೆಯುತ್ತ, ಗ್ರಾಫೈಟಿನಿಂದ ಒಂದೇ ಒಂದು ಪದರವನ್ನು ಬೇರ್ಪಡಿಸಿದರೆ ಅದಕ್ಕೆ ಗ್ರಾಫೀನ್ ಎಂಬ ಹೆಸರು ಎಂದು ಒಂದು ಸಾಲು ಸೇರಿಸಿದ್ದೆ. ಲೇಖನದ ಉಳಿದ ಭಾಗವನ್ನು ಎಷ್ಟು ಜನ ಓದಿದರೋ ತಿಳಿಯದು, ಆ ಒಂದು ಸಾಲನ್ನಂತೂ ಬಹಳ ಮಂದಿ ಓದಿದ್ದಾರೆ. ಮುಂಬಯಿಯ ಉಪನಗರಗಳಿಂದ, ಪುಣೆಯಿಂದ, ಗೋವೆಯಿಂದ ಬಂದ ಪತ್ರಗಳು ಬೇರೆ ಬೇರೆ ಮಾತಿನಲ್ಲಿ ಕೇಳಿರುವುದು ಒಂದನ್ನೇ: ಆ ಪದರವನ್ನು ಬಿಡಿಸುವುದು ಹೇಗೆ? ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗ, ಗ್ರಾಫೈಟಿಗೆ ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಗ್ರಾಫೀನ್ ಸಿಗುತ್ತದೆ, ಅದಕ್ಕೆ ನೊಬೆಲ್ ಬಹುಮಾನವೂ ಬಂದಿದೆ ಎನ್ನುತ್ತಾನೆ. ನನ್ನನ್ನು ಆಡಿಸುತ್ತಿದ್ದಾನೆಯೇ?
– ನಿವೃತ್ತ ಶಿಕ್ಷಕರು, ಡೊಂಬಿವಲಿ

ಉತ್ತರ: ಇಲ್ಲ, ಹುಡುಗ ನಿಜವನ್ನೇ ಹೇಳಿದ್ದಾನೆ, ಆದರೆ ಅರ್ಧ ಹೇಳಿದ್ದಾನೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ 2004ರಲ್ಲಿ ಈ ವಿಧಾನದಿಂದ ಪಡೆದ ತೆಳುಪದರಗಳ ವಿದ್ಯುತ್ ಗುಣಗಳನ್ನು ಅಳೆದು ಪ್ರಕಟಿಸಿದರು. 2010ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಟೇಪು ಅವರ ಆವಿಷ್ಕಾರವೇನಲ್ಲ. ಸೂಕ್ಷ್ಮದರ್ಶಕದಡಿ ಇಡುವ ಗ್ರಾಫೈಟಿನ ಮುಖ ಶುಚಿಯಾಗಿರಲೆಂದು ಪ್ರಯೋಗಾಲಯಗಳಲ್ಲಿ ಮೇಲಿನ ಪೊರೆಯನ್ನು ಟೇಪಿನಿಂದ ಎಬ್ಬಿಸಿ ತೆಗೆಯುವುದು ಮೊದಲಿನಿಂದಲೂ ರೂಢಿಯಲ್ಲಿತ್ತು. ಎಲ್ಲರೂ ಆ ಟೇಪನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಇವರು ಟೇಪಿಗೆ ಅಂಟಿದ್ದೇನು ಎಂದು ನೋಡಿದರು.

ಊರಿನ ಗುಡ್ಡದಲ್ಲಿ ಬಾಲ್ಯ ಕಳೆದವರಿಗೆ ಕಾಗೆಬಂಗಾರದ ಚೂರನ್ನು ಉಗುರಿನಿಂದ ಎಬ್ಬಿಸಿ, ಹೊಳೆಯುವ ಹಾಳೆಗಳನ್ನು ಒಂದೊಂದಾಗಿ ಬಿಡಿಸಿದ ನೆನಪಿರುತ್ತದೆ. ಗ್ರಾಫೈಟಿನ ಸ್ವಭಾವವೂ ಹಾಗೆಯೇ. ಒಂದು ಪದರದೊಳಗೆ ಇಂಗಾಲದ ಪರಮಾಣುಗಳು ಷಟ್ಕೋನಗಳಾಗಿ, ಪರಸ್ಪರ 0.142 ನ್ಯಾನೋಮೀಟರ್ ದೂರದಲ್ಲಿ ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಒಂದು ಪದರಕ್ಕೂ ಮುಂದಿನ ಪದರಕ್ಕೂ ನಡುವಿನ ಅಂತರ ಅದರ ಎರಡು ಪಟ್ಟಿಗೂ ಹೆಚ್ಚು, ಅಂದರೆ 0.335 ನ್ಯಾನೋಮೀಟರ್, ಮತ್ತು ಅಲ್ಲಿ ಹಿಡಿದಿಡುವುದು ವ್ಯಾನ್ ಡರ್ ವಾಲ್ಸ್ ಬಲವೆಂಬ ಬಹಳ ದುರ್ಬಲವಾದ ಸೆಳೆತ ಮಾತ್ರ. ದುರ್ಬಲವೆಂದು ಕೇಳಿದೊಡನೆ ಊದಿದರೆ ಹಾರುತ್ತದೆ ಎಂದುಕೊಳ್ಳಬಾರದು. ಒಂದು ಚದರ ಮೈಕ್ರಾನಿನಷ್ಟು ಜಾಗದಲ್ಲೇ ಸುಮಾರು 3.8 ಕೋಟಿ ಪರಮಾಣುಗಳಿದ್ದು, ಪ್ರತಿಯೊಂದೂ ತನ್ನ ಪಾಲಿನ ಚೂರು ಸೆಳೆತವನ್ನು ಸೇರಿಸುತ್ತದೆ. ಹನಿ ಹನಿ ಕೂಡಿದರೆ ಹಳ್ಳವೆನ್ನುವುದು ಇಲ್ಲಿ ಅಕ್ಷರಶಃ ನಿಜ. ಟೇಪಿನ ಜಾಣ್ಮೆಯಿರುವುದು, ಅದು ಇಡೀ ಪದರವನ್ನು ಒಮ್ಮೆಗೇ ಎತ್ತದೆ ಅಂಚಿನಿಂದ ಸಾಲುಸಾಲಾಗಿ ಬಿಡಿಸುತ್ತ ಹೋಗುವುದರಲ್ಲಿ.

ಎಷ್ಟು ಸಲ ಕೀಳಬೇಕು ಎಂಬುದಕ್ಕೆ ಶಿಕ್ಷಕರಾದ ತಮಗೆ ಹಿಡಿಸುವ ಒಂದು ಲೆಕ್ಕವಿದೆ. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಪದರಗಳಿರುತ್ತವೆ. ಟೇಪನ್ನು ಮಡಚಿ ಬಿಡಿಸಿದಾಗಲೆಲ್ಲ ದಪ್ಪ ಸರಿಯಾಗಿ ಅರ್ಧವಾಗುತ್ತದೆಂದು ಭಾವಿಸಿದರೆ, 22 ಸಲಕ್ಕೆ ಒಂಟಿ ಪದರ ಕೈಗೆ ಬರಬೇಕು. ವಾಸ್ತವದಲ್ಲಿ ಅದು ಎಲ್ಲೋ ಒಂದೆಡೆ ಸೀಳುತ್ತದೆ, ಎಲ್ಲೋ ಹರಿಯುತ್ತದೆ. ಮುಲುಂಡಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನೇ ಇದನ್ನು ಮಾಡಿ ನೋಡಿದ್ದೇನೆ. ಮೊದಲ ಮಡಿಕೆಯಲ್ಲಿ ಟೇಪಿನ ಮೇಲಿದ್ದ ಹರಳು ಕನ್ನಡಿಯ ಚೂರಿನಂತೆ ಮಿಂಚುತ್ತಿತ್ತು. ಐದನೆಯದರ ಹೊತ್ತಿಗೆ ಒಂದು ಚೂರು ಮೂವತ್ತಾಗಿತ್ತು. ಹತ್ತರ ನಂತರ ಹೊಳಪು ಹೋಗಿ, ಕಾಡಿಗೆ ಸವರಿದ ಬೆರಳನ್ನು ಒರೆಸಿದಂಥ ಬೂದು ಛಾಯೆ ಮಾತ್ರ ಉಳಿಯಿತು. ಅದರೊಳಗೆ ಎಲ್ಲೋ ಒಂದು ಒಂಟಿ ಪದರ ಇದ್ದಿರಬಹುದು. ಆದರೆ ಅದನ್ನು ಕಾಣುವುದು ಹೇಗೆ?

ಮೊಮ್ಮಗ ಹೇಳದೆ ಬಿಟ್ಟ ಅರ್ಧ ಇದೇ. ಒಂಟಿ ಪದರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 2.3ರಷ್ಟನ್ನು ಮಾತ್ರ ಹೀರುತ್ತದೆ. ಗಾಜಿನ ಮೇಲಿಟ್ಟರೆ ಕಣ್ಣು ಅದನ್ನು ಗುರುತಿಸುವುದು ಬಹಳ ಕಷ್ಟ. ಮ್ಯಾಂಚೆಸ್ಟರಿನವರು ಟೇಪನ್ನು ಒತ್ತಿದ್ದು, ಸುಮಾರು 300 ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯಿರುವ ಸಿಲಿಕಾನ್ ಬಿಲ್ಲೆಯ ಮೇಲೆ. ನೀರಿನ ಮೇಲೆ ಹರಡಿದ ಎಣ್ಣೆ ಬಣ್ಣ ತೋರುವುದಕ್ಕೆ ಯಾವ ಕಾರಣವೋ ಅದೇ ಕಾರಣದಿಂದ, ಆ ದಪ್ಪದ ಪೊರೆಯ ಮೇಲೆ ಒಂದು ಪರಮಾಣುವಿನಷ್ಟು ತೆಳುವಾದ ಹಾಳೆಯೂ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಮಸುಕು ಛಾಯೆಯಾಗಿ ಕಾಣಿಸಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ, ಕಿತ್ತದ್ದಕ್ಕಿಂತ ಕಂಡುಹಿಡಿದದ್ದೇ ದೊಡ್ಡ ಕೆಲಸ.

ಹೀಗೆ ಸಿಕ್ಕ ಪದರಕ್ಕೆ ಗುಣದಲ್ಲಿ ಸಾಟಿಯಿಲ್ಲ. ಆದುದರಿಂದಲೇ ಭೌತವಿಜ್ಞಾನದ ಪ್ರಯೋಗಾಲಯಗಳಲ್ಲಿ ಇಂದಿಗೂ ಟೇಪಿನ ಸುರುಳಿ ಮೇಜಿನ ಮೇಲಿರುತ್ತದೆ. ಪ್ರಮಾಣದ ಮಾತು ಬೇರೆ. ಒಂದು ಚದರ ಮೀಟರ್ ಗ್ರಾಫೀನಿನ ತೂಕ 0.77 ಮಿಲಿಗ್ರಾಂ, ಟೇಪಿನಿಂದ ಸಿಗುವ ಚೂರುಗಳಾದರೋ ಸಾಮಾನ್ಯವಾಗಿ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಅಗಲದವು. ಒಂದು ಗ್ರಾಂ ಕೂಡಿಸಲು ಎಷ್ಟು ಜನ್ಮ ಬೇಕೆಂಬ ಲೆಕ್ಕವನ್ನು ಮೊಮ್ಮಗನಿಗೇ ಬಿಡಿ.

ಪ್ರಶ್ನೆ: ಪೆನ್ಸಿಲಿನ ಕಡ್ಡಿಯಿಂದಲೇ ಟೇಪ್ ಪ್ರಯೋಗ ಮಾಡಬಹುದೇ?
– ಗೃಹಿಣಿ, ವಾಶಿ

ಉತ್ತರ: ಮಾಡಬಹುದು, ಟೇಪು ಕಪ್ಪಾಗುತ್ತದೆ, ಅಷ್ಟೇ. ಪೆನ್ಸಿಲಿನ ಕಡ್ಡಿ ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟದ್ದು. ಅದರಲ್ಲಿ ದೊಡ್ಡ ಹರಳುಗಳಿಲ್ಲ. ಬಿಡಿಸಲು ಪದರ ಪದರವಾಗಿರುವ ನೈಸರ್ಗಿಕ ಗ್ರಾಫೈಟಿನ ಹಳಕು ಬೇಕು.

ಪ್ರಶ್ನೆ: ನಾನು ಲೋಹದ ಬಿಡಿಭಾಗಗಳಿಗೆ ಬಣ್ಣ ಲೇಪಿಸುವ ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ಅಡುಗೆ ಮನೆಯ ಮಿಕ್ಸರಿನಲ್ಲಿ ಗ್ರಾಫೀನ್ ಮಾಡಬಹುದು ಎಂದು ಕೇಳಿದ್ದೇನೆ. ತುಕ್ಕು ತಡೆಯುವ ಎಪಾಕ್ಸಿ ಬಣ್ಣಕ್ಕೆ ಅದನ್ನು ಬೆರೆಸುವ ಆಲೋಚನೆಯಿದೆ. ಸಾಧ್ಯವೇ?
– ಸಣ್ಣ ಉದ್ಯಮಿ, ಚಿಂಚವಡ, ಪುಣೆ

ಉತ್ತರ: ತಾವು ಕೇಳಿದ್ದು ಗಾಳಿಮಾತಲ್ಲ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಜೊನಾಥನ್ ಕೋಲ್‌ಮನ್ ಅವರ ತಂಡ 2014ರಲ್ಲಿ, ನೀರು, ಪಾತ್ರೆ ತೊಳೆಯುವ ಸೋಪಿನ ದ್ರವ ಮತ್ತು ಗ್ರಾಫೈಟ್ ಪುಡಿಯನ್ನು ಅಡುಗೆಮನೆಯ ಬ್ಲೆಂಡರಿನಲ್ಲಿ ತಿರುಗಿಸಿ ತೆಳುಪದರಗಳನ್ನು ಪಡೆದದ್ದನ್ನು ಪ್ರಕಟಿಸಿತ್ತು. ಅದಕ್ಕೆ ಮುನ್ನುಡಿಯಾಗಿ 2008ರಲ್ಲಿ ಅದೇ ತಂಡ, ಎನ್‌ಎಂಪಿ ಎಂಬ ದ್ರಾವಕದಲ್ಲಿ ಗ್ರಾಫೈಟನ್ನು ಮುಳುಗಿಸಿ ಶ್ರವಣಾತೀತ ಧ್ವನಿಯಿಂದ ಕಂಪಿಸಿದರೆ ಒಂಟಿ ಪದರಗಳು ಬಿಡಿಸಿಕೊಳ್ಳುತ್ತವೆ ಎಂದು ತೋರಿಸಿತ್ತು. ಈ ಎರಡೂ ಪ್ರಯೋಗಗಳ ತಿರುಳು ಒಂದೇ, ಮತ್ತು ಅದನ್ನು ಅರ್ಥ ಮಾಡಿಕೊಂಡರೆ ಮಿಕ್ಸರಿನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ದ್ರವದಲ್ಲಿ ಪದರ ಬಿಡಿಸುವಾಗ ಎರಡು ಕೆಲಸಗಳಿವೆ. ಮೊದಲನೆಯದು ಬೇರ್ಪಡಿಸುವುದು, ಎರಡನೆಯದು ಬೇರ್ಪಟ್ಟವು ಮತ್ತೆ ಅಂಟಿಕೊಳ್ಳದಂತೆ ಕಾಯುವುದು. ಬೇರ್ಪಡಿಸುವುದಕ್ಕೆ ಮಿಕ್ಸರಿನ ಅಲಗು ಕತ್ತರಿಸುವ ಅಗತ್ಯವೇ ಇಲ್ಲ. ಅಲಗಿನ ಸುತ್ತ ದ್ರವದ ಒಂದು ಪೊರೆ ವೇಗವಾಗಿಯೂ ಪಕ್ಕದ್ದು ನಿಧಾನವಾಗಿಯೂ ಓಡುವುದರಿಂದ, ನಡುವೆ ಸಿಕ್ಕ ಗ್ರಾಫೈಟಿನ ಹಳಕು ಇಸ್ಪೀಟಿನ ಕಟ್ಟನ್ನು ಅಂಗೈಗಳ ನಡುವೆ ಉಜ್ಜಿದಂತೆ ಪದರ ಪದರವಾಗಿ ಜಾರುತ್ತದೆ. ಈ ಜಾರುವಿಕೆಯ ದರ, ಅಂದರೆ ಪಕ್ಕಪಕ್ಕದ ಪೊರೆಗಳ ವೇಗದ ವ್ಯತ್ಯಾಸವನ್ನು ಅವುಗಳ ನಡುವಿನ ದೂರದಿಂದ ಭಾಗಿಸಿದ್ದು, ಸೆಕೆಂಡಿಗೆ ಸುಮಾರು 10,000ವನ್ನು ದಾಟಿದರೆ ಸಾಕು ಎಂಬುದು ಆ ತಂಡ ಕಂಡುಕೊಂಡ ಮುಖ್ಯ ಸಂಗತಿ. ಅದನ್ನು ದಾಟುವ ಯಾವ ಯಂತ್ರವಾದರೂ ನಡೆಯುತ್ತದೆ. ಕಾರ್ಖಾನೆಯ ದೊಡ್ಡ ಮಿಶ್ರಣ ತೊಟ್ಟಿಗೂ ಅದೇ ನಿಯಮ ಅನ್ವಯಿಸುವುದರಿಂದಲೇ ಈ ವಿಧಾನಕ್ಕೆ ಉದ್ಯಮದಲ್ಲಿ ಬೆಲೆ ಬಂದಿರುವುದು.

ಕಾಯುವ ಕೆಲಸ ಇನ್ನೂ ಸೂಕ್ಷ್ಮವಾದದ್ದು. ದ್ರವದ ಮೇಲ್ಮೈ ಎಳೆತ ಗ್ರಾಫೀನಿಗೆ ಹೊಂದಿದರೆ ಪದರಗಳು ಅದರಲ್ಲಿ ಬಿಡಿಯಾಗಿ ಉಳಿಯುತ್ತವೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್; ಗ್ರಾಫೀನಿಗೆ ಹೊಂದುವುದು 40ರ ಆಸುಪಾಸಿನ ದ್ರವ. ಎನ್‌ಎಂಪಿಯದು ಸರಿಯಾಗಿ ಆ ಆಸುಪಾಸಿನಲ್ಲಿದೆ, ಆದರೆ ಅದು ಗರ್ಭಸ್ಥ ಶಿಶುವಿಗೆ ಹಾನಿಕರ, ಕುದಿಯುವುದು 202 ಡಿಗ್ರಿಯಲ್ಲಾದ್ದರಿಂದ ಕೊನೆಗೆ ಅದನ್ನು ಹೊರದೂಡುವುದೂ ಒಂದು ಪೀಕಲಾಟ. ನೀರನ್ನೇ ಬಳಸಬೇಕೆಂದರೆ ಸೋಪಿನಂಥ ವಸ್ತು ಪದರಗಳಿಗೆ ಮೆತ್ತಿಕೊಂಡು ಒಂದನ್ನೊಂದು ದೂರವಿಡಬೇಕು. ಆಮೇಲೆ ಆ ಸೋಪನ್ನು ತೊಳೆಯುವವರಾರು? ತೊಳೆಯುತ್ತ ಹೋದಂತೆ ಪದರಗಳು ಮತ್ತೆ ಒಂದರ ಮೇಲೊಂದು ಕೂತು, ಹೊರಟಲ್ಲಿಗೇ ಬಂದು ನಿಲ್ಲುತ್ತೇವೆ.

ಬಣ್ಣದ ಪ್ರಯೋಗಾಲಯದಲ್ಲಿ ಬಹಳ ವರ್ಷ ದುಡಿದವನಾದ್ದರಿಂದ ನನಗೂ ಈ ಚಪಲ ತಡೆಯಲಾಗಲಿಲ್ಲ. ಮನೆಯ ಹಳೆಯ ಮಿಕ್ಸರಿನ ಚಟ್ನಿ ಜಾರಿಗೆ ಎರಡು ಚಮಚ ಗ್ರಾಫೈಟ್ ಪುಡಿ, ಅರ್ಧ ಚಮಚ ಸೋಪಿನ ದ್ರವ ಹಾಕಿ ತಿರುಗಿಸಿದೆ. ಒಂದು ನಿಮಿಷದೊಳಗೆ ಬೂದು ಬಣ್ಣದ ನೊರೆ ಮುಚ್ಚಳವನ್ನು ಎತ್ತಿಕೊಂಡು ಉಕ್ಕಿ, ಅಡುಗೆ ಕಟ್ಟೆಯ ಹೆಂಚುಗಳ ಸಂದಿನಲ್ಲಿ ಇಳಿಯಿತು; ಆ ಗೆರೆಗಳು ಇಂದಿಗೂ ಹೋಗಿಲ್ಲ. ಉಳಿದದ್ದನ್ನು ಗಾಜಿನ ಲೋಟದಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಹಾಕಿದ ಪುಡಿಯ ಬಹುಪಾಲು ತಳದಲ್ಲಿ ಹಾಗೆಯೇ ಕೂತಿತ್ತು, ಮೇಲೆ ತೆಳ್ಳನೆಯ ಮಸಿನೀರು ನಿಂತಿತ್ತು. ತಳದ್ದು ಬಿಡಿಸದೆ ಉಳಿದ ಗ್ರಾಫೈಟ್. ತೆಳುಪದರಗಳೇನಾದರೂ ಇದ್ದರೆ ಅವಿರುವುದು ಆ ಮಸಿನೀರಿನಲ್ಲಿ, ಅದೂ ಬಹಳ ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ಕಿರಿದಾದ, ಹಲವು ಪದರಗಳು ಕೂಡಿಯೇ ಇರುವ ಚೂರುಗಳಾಗಿ. ಪ್ರಯೋಗಾಲಯದಲ್ಲಾದರೆ ಸೆಂಟ್ರಿಫ್ಯೂಜಿನಲ್ಲಿ ಗಿರಗಿರನೆ ತಿರುಗಿಸಿ ದಪ್ಪ ಚೂರುಗಳನ್ನು ತಳಕ್ಕಿಳಿಸುತ್ತಾರೆ. ಚಟ್ನಿ ಜಾರ್ ಅಂದೇ ಅಡುಗೆ ಮನೆಯಿಂದ ಗಡೀಪಾರಾಯಿತು. ತಾವೂ ಪ್ರಯೋಗ ಮಾಡುವುದಾದರೆ ಅಡುಗೆಗೆ ಎಂದೂ ಬಳಸದ ಮಿಕ್ಸರನ್ನು ಕೊಳ್ಳಿ, ಪುಡಿ ಸುರಿಯುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್ ಧರಿಸಿ.

ತಮ್ಮ ತುಕ್ಕಿನ ವಿಷಯಕ್ಕೆ ಒಂದು ಎಚ್ಚರಿಕೆ. ಎಪಾಕ್ಸಿಯೊಳಗೆ ಅಡ್ಡಡ್ಡ ಮಲಗಿದ ತೆಳುಹಾಳೆಗಳು ನೀರಿನ ಮತ್ತು ಆಮ್ಲಜನಕದ ದಾರಿಯನ್ನು ಸುತ್ತುಬಳಸು ಮಾಡುತ್ತವೆ ಎಂಬುದು ಸರಿ. ಆದರೆ ಗ್ರಾಫೈಟಾಗಲಿ ಗ್ರಾಫೀನಾಗಲಿ ವಿದ್ಯುದ್ವಾಹಕ. ಕಬ್ಬಿಣದ ಜೊತೆ ನೇರ ಸಂಪರ್ಕಕ್ಕೆ ಬಂದರೆ ಎರಡೂ ಸೇರಿ ಒಂದು ಸಣ್ಣ ಬ್ಯಾಟರಿಯಾಗಿ, ಗೀರು ಬಿದ್ದ ಜಾಗದಲ್ಲಿ ಕಬ್ಬಿಣ ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಲೋಹಕ್ಕೆ ಮೊದಲು ಬಳಿಯುವ ಪ್ರೈಮರ್ ಬಣ್ಣಕ್ಕೆ ಮನಬಂದಂತೆ ಬೆರೆಸಬೇಡಿ. ಗಿರಾಕಿಯ ಕೆಲಸಕ್ಕೆ ಬಳಸುವ ಮೊದಲು ನಾಲ್ಕು ತಗಡುಗಳಿಗೆ ಬಳಿದು, ಬೇಕೆಂದೇ ಗೀರು ಹಾಕಿ, ಒಂದು ಮಳೆಗಾಲ ಹೊರಗಿಟ್ಟು ನೋಡಿ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಹಮ್ಮರ್ಸ್ ವಿಧಾನದಿಂದ ಗ್ರಾಫೀನ್ ತಯಾರಿಸುವ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಗ್ರಾಫೀನ್ ಆಕ್ಸೈಡ್ ಮತ್ತು ಗ್ರಾಫೀನ್ ಒಂದೆಯೇ? ಅಪಾಯವೇನಾದರೂ ಇದೆಯೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಪೊಂಡಾ, ಗೋವಾ

ಉತ್ತರ: ಎರಡೂ ಒಂದಲ್ಲ, ಅಪಾಯ ಇದೆ. ಎರಡನೆಯದರಿಂದಲೇ ಪ್ರಾರಂಭಿಸುತ್ತೇನೆ.

ಗ್ರಾಫೈಟಿಗೆ ಆಮ್ಲಜನಕ ಸೇರಿಸಿ ಗ್ರಾಫೀನ್ ಆಕ್ಸೈಡ್ ಮಾಡುವ ಈ ವಿಧಾನದಲ್ಲಿ ಸಾಂದ್ರ ಗಂಧಕಾಮ್ಲಕ್ಕೆ ಪೊಟ್ಯಾಸಿಯಮ್ ಪರ್ಮಾಂಗನೇಟ್ ಸೇರಿಸಬೇಕಾಗುತ್ತದೆ. ಇವೆರಡು ಕೂಡಿದಾಗ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಎಂಬ ಹಸಿರು ಛಾಯೆಯ ಎಣ್ಣೆಯಂಥ ವಸ್ತು ಹುಟ್ಟುತ್ತದೆ. ಗ್ರಾಫೈಟಿನೊಳಗೆ ಆಮ್ಲಜನಕವನ್ನು ತುರುಕುವುದೂ ಅದೇ, ಸುಮಾರು 55 ಡಿಗ್ರಿ ಮೀರಿದರೆ ಸ್ಫೋಟಿಸುವುದೂ ಅದೇ. ಪಾತ್ರೆಯನ್ನು ಮಂಜುಗಡ್ಡೆಯಲ್ಲಿಟ್ಟು, ಪರ್ಮಾಂಗನೇಟನ್ನು ಚಿಟಿಕೆ ಚಿಟಿಕೆಯಾಗಿ, ಥರ್ಮಾಮೀಟರಿನಿಂದ ಕಣ್ಣು ಕೀಳದೆ ಸೇರಿಸಬೇಕೆಂದು ಹೇಳುವುದು ಇದಕ್ಕಾಗಿ. ಮೂಲ ವಿಧಾನದಲ್ಲಿರುವ ಸೋಡಿಯಂ ನೈಟ್ರೇಟಿನಿಂದ ವಿಷಾನಿಲವೂ ಬರುತ್ತದೆ. 2010ರಲ್ಲಿ ಪ್ರಕಟವಾದ ಸುಧಾರಿತ ವಿಧಾನದಲ್ಲಿ ನೈಟ್ರೇಟನ್ನು ಕೈಬಿಟ್ಟು ಫಾಸ್ಫಾರಿಕ್ ಆಮ್ಲ ಬಳಸಿದ್ದಾರೆ. ತಮ್ಮ ಮಾರ್ಗದರ್ಶಕರನ್ನು ಯಾವುದು ಮಾಡುತ್ತಿದ್ದೇವೆ ಎಂದು ಕೇಳಿಕೊಳ್ಳಿ, ಮತ್ತು ಅವರು ಪಕ್ಕದಲ್ಲಿಲ್ಲದ ಹೊತ್ತಿನಲ್ಲಿ ಈ ಹಂತಕ್ಕೆ ಕೈ ಹಾಕಬೇಡಿ.

ಇನ್ನು ಮೊದಲ ಪ್ರಶ್ನೆ. ಈ ದಾರಿ ಗ್ರಾಫೀನ್ ಎಂಬ ಹೆಸರಿಗಿಂತ ಬಹಳ ಹಳೆಯದು. ಆಕ್ಸ್‌ಫರ್ಡಿನ ಬೆಂಜಮಿನ್ ಬ್ರೋಡಿ 1859ರಲ್ಲೇ ಗ್ರಾಫೈಟನ್ನು ನೈಟ್ರಿಕ್ ಆಮ್ಲ ಮತ್ತು ಪೊಟ್ಯಾಸಿಯಮ್ ಕ್ಲೋರೇಟಿನಲ್ಲಿ ಉತ್ಕರ್ಷಿಸಿದ್ದರು. ಅವರು ಹುಡುಕುತ್ತಿದ್ದುದು ಗ್ರಾಫೈಟಿನ ಪರಮಾಣು ತೂಕವನ್ನು. ಹೊಸದೊಂದು ವಸ್ತು ಸಿಕ್ಕಿತೆಂದು ಅದಕ್ಕೆ ಗ್ರಾಫಾನ್ ಎಂದು ಹೆಸರನ್ನೂ ಇಟ್ಟಿದ್ದರು. ಹಮ್ಮರ್ಸ್ ಮತ್ತು ಆಫೆಮನ್ 1958ರಲ್ಲಿ ಅದನ್ನು ಕೆಲವೇ ಗಂಟೆಗಳಲ್ಲಿ ಮುಗಿಯುವಂತೆ ಮಾಡಿದರು. ಗ್ರಾಫೀನ್ ಎಂಬ ಹೆಸರಾದರೋ ಜರ್ಮನಿಯ ಹಾನ್ಸ್ ಪೀಟರ್ ಬೋಮ್ ಮತ್ತು ಸಂಗಡಿಗರು 1986ರಲ್ಲಿ ಸೂಚಿಸಿದ್ದು.

ಆಮ್ಲಜನಕದ ಗುಂಪುಗಳು ಪದರಗಳ ಮೇಲೆಯೂ ಅಂಚಿನಲ್ಲಿಯೂ ಬೇರೂರಿದ ಮೇಲೆ ಪದರಗಳ ಅಂತರ ಎರಡು ಪಟ್ಟಿಗೂ ಮೀರಿ ಹಿಗ್ಗುತ್ತದೆ, ನೀರು ನಡುವೆ ನುಗ್ಗುತ್ತದೆ, ಋಣ ವಿದ್ಯುದಂಶ ಪಡೆದ ಹಾಳೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಟೇಪಿನವರೂ ಮಿಕ್ಸರಿನವರೂ ಹೆಣಗಿದ ಎರಡೂ ಕೆಲಸಗಳು, ಬಿಡಿಸುವುದು ಮತ್ತು ಕಾಯುವುದು, ಇಲ್ಲಿ ಸುಲಭವಾಗಿ ಆಗಿಬಿಡುತ್ತವೆ. ತಾವು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದೊಡನೆ ಕಂದು ಕೆಸರು ಅರಿಶಿನದಂತೆ ಹಳದಿಗೆ ತಿರುಗುವುದನ್ನು ಕಾಣುವಿರಿ. ಆಮ್ಲವೆಲ್ಲ ಹೋಗುವಂತೆ ತೊಳೆಯುತ್ತ ಹೋದಂತೆ ಅದು ಲೋಳೆಯಾಗಿ ಊದಿ, ಸೋಸುವ ಕಾಗದವನ್ನು ಕಟ್ಟಿ, ತಾಳ್ಮೆ ಪರೀಕ್ಷಿಸುತ್ತದೆ. ಪ್ರಾಜೆಕ್ಟಿನ ಅರ್ಧ ಸಮಯವನ್ನು ತೊಳೆಯುವುದಕ್ಕೇ ಮೀಸಲಿಡಿ.

ಈ ಸುಲಭಕ್ಕೆ ತೆತ್ತ ಬೆಲೆಯೆಂದರೆ, ಕೈಗೆ ಬಂದದ್ದು ಗ್ರಾಫೀನಿನ ಮುಖ್ಯ ಗುಣವನ್ನೇ ಕಳೆದುಕೊಂಡಿರುತ್ತದೆ. ಗ್ರಾಫೀನ್ ಆಕ್ಸೈಡಿನಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ ಎನ್ನಬಹುದು. ಹೈಡ್ರಜೀನಿನಿಂದಲೋ ಬಿಸಿಯಿಂದಲೋ ಅಥವಾ ನಮ್ಮ ವಿಟಮಿನ್ ಸಿ ಎಂಬ ಆಸ್ಕಾರ್ಬಿಕ್ ಆಮ್ಲದಿಂದಲೋ ಆಮ್ಲಜನಕವನ್ನು ಹೊರತೆಗೆದರೆ ಕಪ್ಪು ಬಣ್ಣವೂ ವಾಹಕತೆಯೂ ಒಂದು ಮಟ್ಟಿಗೆ ಮರಳುತ್ತವೆ. ಆದರೆ ಆಮ್ಲಜನಕ ಹೊರಡುವಾಗ ಕೆಲವೆಡೆ ಇಂಗಾಲವನ್ನೂ ಕಿತ್ತುಕೊಂಡು ಹೋಗುವುದರಿಂದ ಹಾಳೆಯಲ್ಲಿ ತೂತುಗಳು ಉಳಿಯುತ್ತವೆ. ಅದಕ್ಕೆ ಗ್ರಾಫೀನ್ ಎನ್ನದೆ ಅಪಕರ್ಷಿತ ಗ್ರಾಫೀನ್ ಆಕ್ಸೈಡ್ ಎಂದು ಉದ್ದನೆಯ ಹೆಸರಿನಿಂದ ಕರೆಯುವುದು ಪಾಂಡಿತ್ಯ ಪ್ರದರ್ಶನಕ್ಕಲ್ಲ. ವರದಿಯಲ್ಲಿ ತಾವೂ ಹಾಗೆಯೇ ಬರೆಯಿರಿ. ನೀರು ಸೋಸುವ ಪೊರೆ, ಸೂಪರ್ ಕೆಪಾಸಿಟರ್ ಮುಂತಾದ ಕೆಲಸಗಳಿಗೆ ಅದು ಅದಾಗಿಯೇ ಉಪಯುಕ್ತ.

ಪ್ರಶ್ನೆ: ಹಳೆಯ ಟಾರ್ಚ್ ಸೆಲ್ಲುಗಳ ಕಡ್ಡಿಯನ್ನು ಉಪ್ಪುನೀರಿನಲ್ಲಿಟ್ಟು ವಿದ್ಯುತ್ ಹಾಯಿಸಿದರೆ ಗ್ರಾಫೀನ್ ಉದುರುತ್ತದೆಯೇ?
– ಐಟಿಐ ಬೋಧಕರು, ಠಾಣೆ

ಉತ್ತರ: ಉದುರುವುದು ಇಂಗಾಲದ ಪುಡಿ. ಸೆಲ್ಲಿನ ಕಡ್ಡಿ ಇಂಗಾಲದ ಪುಡಿಯನ್ನು ಅಂಟಿನೊಡನೆ ಒತ್ತಿ ಸುಟ್ಟದ್ದಾದ್ದರಿಂದ ಅದರಲ್ಲಿ ಬಿಡಿಸಲು ಯೋಗ್ಯವಾದ ಉದ್ದನೆಯ ಪದರಗಳಿಲ್ಲ. ಅಡುಗೆ ಉಪ್ಪಿನ ನೀರಾದರೆ ಕ್ಲೋರಿನ್ ಅನಿಲವೂ ಬರುತ್ತದೆ. ತರಗತಿಯಲ್ಲಿ ಖಂಡಿತ ಬೇಡ.

ವಿಧಾನವೇನೋ ಒಳ್ಳೆಯದೇ. ಗ್ರಾಫೈಟ್ ಹಾಳೆಯನ್ನು ಧನ ವಿದ್ಯುದ್ವಾರವಾಗಿಸಿ, ಅಮೋನಿಯಂ ಸಲ್ಫೇಟಿನ ತೆಳು ದ್ರಾವಣದಲ್ಲಿ 10 ವೋಲ್ಟ್ ಹಾಯಿಸಿದರೆ, ಮೊದಲು ಅಂಚುಗಳು ಬಾಯಿ ತೆರೆಯುತ್ತವೆ, ಸಲ್ಫೇಟ್ ಅಯಾನುಗಳು ನೀರಿನೊಡನೆ ಒಳಗೆ ನುಸುಳುತ್ತವೆ, ಅಲ್ಲಿಯೇ ಅನಿಲವಾಗಿ ಉಬ್ಬಿ ಪದರಗಳನ್ನು ಎಬ್ಬಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಹಾಳೆ ಕರಗಿದಂತೆ ಕಾಣುತ್ತದೆ. ಆಮ್ಲಜನಕದ ಸೋಂಕು ಹಮ್ಮರ್ಸ್ ವಿಧಾನಕ್ಕಿಂತ ಬಹಳ ಕಡಿಮೆ. ಗುಣ ಮತ್ತು ಪ್ರಮಾಣ ಎರಡನ್ನೂ ತೂಗಿ ನೋಡಿದರೆ ನನ್ನ ಒಲವು ಈ ವಿಧಾನದ ಕಡೆಗೇ. ಇದೇ ತತ್ತ್ವದ ಒರಟು ರೂಪ ಕಾರ್ಖಾನೆಗಳಲ್ಲಿ ಬಹಳ ಕಾಲದಿಂದ ಇದೆ: ಗಂಧಕಾಮ್ಲ ಹೊಕ್ಕ ಗ್ರಾಫೈಟನ್ನು ಒಮ್ಮೆಗೇ 900 ಡಿಗ್ರಿಯಷ್ಟು ಕಾಯಿಸಿದರೆ ಭತ್ತ ಅರಳಾಗುವಂತೆ ಅದು ನೂರಾರು ಪಟ್ಟು ಉಬ್ಬುತ್ತದೆ. ಅದನ್ನು ಒತ್ತಿ ಬಾಯ್ಲರ್ ಪೈಪುಗಳ ಗ್ಯಾಸ್ಕೆಟ್ ಮಾಡುತ್ತಾರೆ. ತಮ್ಮ ವಿದ್ಯಾರ್ಥಿಗಳು ಅದನ್ನು ಕೈಯಲ್ಲಿ ಹಿಡಿದಿದ್ದರೂ ಹಿಡಿದಿರಬಹುದು.

ಪ್ರಶ್ನೆ: ಕಾರಿಗೆ ಗ್ರಾಫೀನ್ ಲೇಪನವೆಂದು ದುಬಾರಿ ಹಣ ಕೊಟ್ಟು ಹಚ್ಚಿಸಿದ್ದೇನೆ. ಅದರಲ್ಲಿ ನಿಜವಾಗಿ ಗ್ರಾಫೀನ್ ಇದೆಯೇ ಎಂದು ತಿಳಿಯುವುದು ಹೇಗೆ?
– ಬ್ಯಾಂಕ್ ಉದ್ಯೋಗಿ, ಭಾಂಡುಪ್

ಉತ್ತರ: ಹಚ್ಚಿದ ಮೇಲೆ ತಿಳಿಯುವುದು ಕಷ್ಟ. ಹಚ್ಚುವ ಮೊದಲು ಕೇಳಬೇಕಾದದ್ದು ಒಂದೇ: ಎಷ್ಟು ಪದರ? ಅಂತರರಾಷ್ಟ್ರೀಯ ಮಾನಕದ ಪ್ರಕಾರ ಒಂದು ಪದರವಿದ್ದರೆ ಗ್ರಾಫೀನ್, ಎರಡಿದ್ದರೆ ದ್ವಿಪದರ, ಮೂರರಿಂದ ಹತ್ತರವರೆಗೆ ಕೆಲಪದರದ ಗ್ರಾಫೀನ್. ಹತ್ತನ್ನು ದಾಟಿದರೆ ಅದು ಸಣ್ಣದಾಗಿ ಪುಡಿ ಮಾಡಿದ ಗ್ರಾಫೈಟೇ ಸರಿ. 2018ರಲ್ಲಿ ಸಿಂಗಪುರದ ಸಂಶೋಧಕರ ಮುಂದಾಳತ್ವದ ತಂಡವೊಂದು 60 ಕಂಪನಿಗಳ ಪುಡಿಗಳನ್ನು ತರಿಸಿ ಪರೀಕ್ಷಿಸಿದಾಗ, ಹೆಚ್ಚಿನವುಗಳಲ್ಲಿ ಹತ್ತು ಪದರದೊಳಗಿನ ಅಂಶ ಶೇಕಡಾ 10ಕ್ಕಿಂತ ಕಡಿಮೆಯಿತ್ತು. ಒಂದರಲ್ಲೂ ಅದು ಶೇಕಡಾ 50ನ್ನು ಮೀರಿರಲಿಲ್ಲ.

ಪದರ ಎಣಿಸುವ ರೂಢಿಯ ಸಾಧನ ರಾಮನ್ ರೋಹಿತಮಾಪಕ. ಲೇಸರ್ ಬೆಳಕು ಬಿದ್ದಾಗ ಗ್ರಾಫೈಟ್ ಕುಟುಂಬದ ವಸ್ತುಗಳೆಲ್ಲ, ಚದುರಿದ ಬೆಳಕಿನ ಬದಲಾವಣೆಯನ್ನು ಅಳೆಯುವ ರಾಮನ್ ಮಾನದಲ್ಲಿ (ಸೆಂಟಿಮೀಟರಿಗೆ ಇಷ್ಟು ಅಲೆ ಎಂಬ ಲೆಕ್ಕ) 1580ರ ಬಳಿ ಒಂದು ಶಿಖರ, 2700ರ ಬಳಿ ಇನ್ನೊಂದು ಶಿಖರ ತೋರಿಸುತ್ತವೆ. ಒಂಟಿ ಪದರದಲ್ಲಿ ಎರಡನೆಯದು ಸೂಜಿಯಂತೆ ಚೂಪಾಗಿ ಮೊದಲನೆಯದಕ್ಕಿಂತ ಎತ್ತರ ನಿಲ್ಲುತ್ತದೆ. ಪದರ ಹೆಚ್ಚಿದಂತೆ ಅದು ಕುಗ್ಗಿ, ಅಗಲವಾಗಿ, ಒಂದು ಮಗ್ಗುಲಿಗೆ ವಾಲುತ್ತದೆ. 1350ರ ಬಳಿ ಮೂರನೆಯ ಶಿಖರವೊಂದು ಎದ್ದಿದ್ದರೆ ಹಾಳೆಯಲ್ಲಿ ಗಾಯಗಳಿವೆ ಎಂದರ್ಥ. ಸರ್ ಸಿ. ವಿ. ರಾಮನ್ 1928ರಲ್ಲಿ ಕಂಡ ಪರಿಣಾಮ ಇಂದು ಗ್ರಾಫೀನ್ ವ್ಯಾಪಾರಿಗಳ ಸತ್ಯಪರೀಕ್ಷೆಗೆ ನಿಂತಿದೆ. ಪವಾಯಿಯ ಐಐಟಿಯಲ್ಲಿ ಹೊರಗಿನವರ ಮಾದರಿಗಳನ್ನೂ ಶುಲ್ಕ ಪಡೆದು ಪರೀಕ್ಷಿಸುವ ಉಪಕರಣ ಕೇಂದ್ರವಿದೆ.

ನಾನೊಮ್ಮೆ ವ್ಯಾಪಾರಿಯೊಬ್ಬರಿಂದ ನೂರು ಗ್ರಾಂ ಗ್ರಾಫೀನ್ ಪುಡಿ ತರಿಸಿದ್ದೆ. ಡಬ್ಬಿ ತೆರೆದಾಗ ಪುಡಿ ಕುಂಕುಮದ ಭರಣಿಯಲ್ಲಿರುವಂತೆ ಅಡಕವಾಗಿ, ತಳದಲ್ಲಿ ಕಾಲು ಭಾಗ ಮಾತ್ರ ಕೂತಿತ್ತು. ನಿಜವಾಗಿ ಬಿಡಿಸಿದ ತೆಳುಪದರಗಳ ಒಣಪುಡಿ ಹತ್ತಿಯಂತೆ ಹಗುರ. ನೂರು ಗ್ರಾಮಿಗೆ ಆ ಡಬ್ಬಿ ಸಾಲುತ್ತಲೇ ಇರಲಿಲ್ಲ. ರಾಮನ್ ಪರೀಕ್ಷೆಯ ವರದಿ ಕೊಡಿ ಎಂದು ಎರಡು ಸಲ ಬರೆದೆ, ಎರಡು ಸಲವೂ ಬಂದದ್ದು ಹೊಸ ದರಪಟ್ಟಿ. ಆ ಪುಡಿಯನ್ನು ಈಗ ಮನೆಯ ಬಾಗಿಲುಗಳ ಕೀಲುಗಳಿಗೆ ಹಾಕುತ್ತೇನೆ, ಕಿರುಗುಟ್ಟುವುದು ನಿಂತಿದೆ.